ಮುಪ್ಪು ಬಂದ ಮಳೆಗಾಲ

ಹೋದ ತಿಂಗಳು ಸಿಂಗಾನಲ್ಲೂರಿನಲ್ಲಿ, ನನ್ನ ಚಿಕ್ಕಪ್ಪನ ಮಗಳು ಕಲಾಳ ಮನೆಯಲ್ಲಿ, ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದವಳು ಥೂ ಎಂದು ಉಗಿದುಬಿಟ್ಟೆ. ಹಿತ್ತಲಿನಲ್ಲಿ ಎರಡು ನಲ್ಲಿಗಳಿವೆ. ನಿದ್ದೆಗಣ್ಣಿನಲ್ಲಿ ನಾನು ತಿರುಗಿಸಿದ್ದು ಉಪ್ಪು ನೀರಿನ ನಲ್ಲಿ. ಗಂಟಲಿನವರೆಗೂ ಸವಳು ಹತ್ತಿತು.

"ಏನೇ ಭುವನಾ, ನಲ್ಲಿ ಗುರ್ತೇ ಮರ್ತ್‌ಬುಟ್ಯಾ?" ಒಳಗಿನಿಂದ ಚಿಕ್ಕಪ್ಪ ನಗುವುದು ಕೇಳಿಸಿತು. "ಉಪ್ಪು ನೀರಿಂದ ಹೆಸ್ರು ತಕ್ಕಂಡವ್ಳು ನೀನು! ನಿಂಗೇ ಗೊತ್ತಾಗ್ಲಿಲ್ವಾ?"

ನನಗೂ ನಗು ಬಂತು. ಬಾಯೊಳಗಿನ ರುಚಿ ಹೋಗುವ ಮೊದಲೇ ಆ ಮಳೆಗಾಲ ಇಡಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ಗೊತ್ತಿಲ್ಲದವರಿಗೆ ಮೊದಲು ನೀರಿನ ವಿಷಯ ಹೇಳಿಬಿಡುತ್ತೇನೆ. ಕೊಯಮತ್ತೂರಿನ ಸುತ್ತಮುತ್ತ ಯಾವ ಮನೆಗೆ ಹೋದರೂ ನೀರಿಗೆ ಎರಡು ಹೆಸರು. ಹೊಳೆಯಿಂದ ಪೈಪಿನಲ್ಲಿ ಬರುವುದು ಒಳ್ಳೆ ನೀರು, ತಮಿಳಿನಲ್ಲಿ ನಲ್ಲ ತಣ್ಣಿ. ಬೋರಿನಿಂದ ಏರಿಸುವುದು ಉಪ್ಪು ನೀರು. ಒಳ್ಳೆಯದು ಬಾಯಿಗೆ, ಉಪ್ಪಿನದು ಮಿಕ್ಕ ಎಲ್ಲದಕ್ಕೂ. ಒಳ್ಳೆ ನೀರು ಎಂದು ಬರುತ್ತದೋ ಹೇಳುವ ಹಾಗಿಲ್ಲವಾದ್ದರಿಂದ ಅದನ್ನು ಕೊಡಗಳಲ್ಲಿ ತುಂಬಿ, ಮುಚ್ಚಿ, ತುಪ್ಪದಂತೆ ಕಾಯುತ್ತೇವೆ. ಒಳ್ಳೆ ನೀರಿನಲ್ಲಿ ಕಾಲು ತೊಳೆದ ಹುಡುಗಿಗೆ ಎಂಥ ಬೈಗುಳ ಬೀಳುತ್ತದೆಂದು ಅಲ್ಲಿ ಬೆಳೆದವರನ್ನೇ ಕೇಳಬೇಕು.

ನಮ್ಮದು ತಲೆತಲಾಂತರದಿಂದ ಅಲ್ಲೇ ನೆಲೆ ನಿಂತ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದೇ ಮೂವತ್ತು ದಾಟಿ, ನಂಜನಗೂಡಿಗೆ ಕೆಲಸಕ್ಕೆ ಬಂದ ಮೇಲೆ. ಅಪ್ಪ ನಾನು ಚಿಕ್ಕವಳಿರುವಾಗಲೇ ಹೋದರು. ಆಮೇಲೆ ಅವ್ವನನ್ನೂ ನನ್ನನ್ನೂ ನೋಡಿಕೊಂಡವರು ಅವರ ತಮ್ಮ, ಈ ಚಿಕ್ಕಪ್ಪನೇ. ಅನ್ನೂರಿನಲ್ಲಿ ಒಂದೇ ಸೂರು, ಒಂದೇ ಒಲೆ. ನಡುಮನೆಯಲ್ಲಿ ಅಜ್ಜನ ಕಾಲದ ಕುಣಿಮಗ್ಗ. ಆ ಮಗ್ಗದಲ್ಲಿ ಚಿಕ್ಕಪ್ಪ ನೇಯುತ್ತಿದ್ದ ಮೆದು ರೇಷ್ಮೆ ಸೀರೆಯನ್ನು ಮಡಚಿದರೆ ಹಿಡಿಯೊಳಗೆ ಹಿಡಿಸುತ್ತಿತ್ತು. ಆದರೆ ನೇಯ್ಗೆಯಿಂದ ಮನೆ ನಡೆಯದಾದಾಗ ಅವರು ಊರಾಚೆಯ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಗೆ ಸೇರಿಕೊಂಡರು. ಮಗ್ಗದ ಮೇಲೆ ಹಳೆಯ ಜಮಖಾನೆ ಹೊದಿಸಿದರು.

ನಾನು ಎಂ.ಎಸ್ಸಿ. ಮುಗಿಸಿ ಅದೇ ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ಲ್ಯಾಬ್ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಒಂದು ಮೇಜು, ನಾನೊಬ್ಬಳು. ಚಿಕ್ಕಪ್ಪ ಕೆಳಗೆ ದೊಡ್ಡ ರಿಯಾಕ್ಟರಿನ ಹತ್ತಿರ. ಒಳಗೆ ಗಾಜು ಬಳಿದ, ಆಳೆತ್ತರದ ಪಾತ್ರೆ ಅದು. ಯಜಮಾನರನ್ನು ಎಲ್ಲರೂ ಮುದಲಾಳಿ ಅನ್ನುತ್ತಿದ್ದರು. ಬಿಳೀ ವೇಷ್ಟಿ, ಬಿಳೀ ಅಂಗಿ, ದೊಡ್ಡ ಗಂಟಲು. ಆ ಸೀಮೆಯ ಹಿರಿಯರ ಹಾಗೆ ನನ್ನನ್ನು ಅಮ್ಮಿಣಿ ಎಂದೇ ಕರೆಯುವರು, ಬೈಯುವಾಗಲೂ ಅಮ್ಮಿಣಿಯೇ.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ತಿರುಪ್ಪೂರಿನ ಬಣ್ಣ ತಯಾರಿಸುವವರಿಗೆ ಬೇಕಾದ ಒಂದು ಪದಾರ್ಥ. ಅದರ ಅಣುವಿನಲ್ಲಿ ಒಂದು ಗಂಧಕ ಕೂತಿದೆ. ಆ ಗಂಧಕಕ್ಕೆ ಎರಡು ಆಮ್ಲಜನಕ ಸೇರಿಸಿ ಕೊಡಬೇಕು, ಅಷ್ಟೆ. ಸೇರಿಸುವುದಕ್ಕೆ ಆಮ್ಲಜನಕ ಕೊಡುವವನೊಬ್ಬ ಬೇಕಲ್ಲ, ಅವನು ಕ್ರೋಮ್. ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಹರಳು. ನೋಡಲು ಕಲ್ಲುಸಕ್ಕರೆಗೆ ಬಣ್ಣ ಹಾಕಿದಂತೆ ಚೆಂದ. ಕೆಲಸ ಮುಗಿಸಿದ ಮೇಲೆ ಹಸಿರು ರಾಡಿಯಾಗಿ ಉಳಿಯುತ್ತದೆ; ಆ ರಾಡಿಯನ್ನು ಎಲ್ಲಿ ಹಾಕಿದರೂ ಪಾಪವೇ.

ರಾಡಿಗಿಂತ ನನಗೆ ಹೊಟ್ಟೆ ಉರಿಯುತ್ತಿದ್ದುದು ಚಿಕ್ಕಪ್ಪನ ಕೈ ನೋಡಿ. ಕ್ರೋಮ್ ತಾಗಿದಲ್ಲೆಲ್ಲ ದುಂಡನೆಯ ಹುಣ್ಣು, ಮೆಣಸಿನಕಾಳು ಒತ್ತಿ ತೆಗೆದ ಗುಳಿಯಂತೆ. ನೋವಿಲ್ಲ, ಆದರೆ ಮಾಗುವುದೂ ಇಲ್ಲ. ಸುತ್ತ ಚರ್ಮ ಒಣಗಿ ಸಿಪ್ಪೆಸಿಪ್ಪೆ. ಕೈಗವಸು ಹಾಕಿಕೊಳ್ಳಿ ಎಂದರೆ, "ಈ ಸೆಕೇಲಿ ಅದ್ರೊಳ್ಗೆ ಬೆವ್ರು ತುಂಬಿ ಕೊಳ್ತೋಯ್ತದೆ ಕಣಮ್ಮಿ" ಅನ್ನುವರು. ಹಾಕಿಕೊಂಡರೂ ಮಣಿಕಟ್ಟಿನ ಹತ್ತಿರ ಒಳಕ್ಕೆ ಇಳಿಯುತ್ತಿತ್ತು, ಸುಳ್ಳಲ್ಲ.

ಆ ವರ್ಷ ಆಡಿ ಎಂಬ ಆಷಾಢ ಕಳೆದ ಮೇಲೆ ಕಲಾಳ ಮದುವೆ ಗೊತ್ತಾಯಿತು. ಮುಂದಿನ ವೈಕಾಸಿಯಲ್ಲಿ, ಅಂದರೆ ಬೇಸಿಗೆ ಮುಗಿಯುವ ಹೊತ್ತಿಗೆ ಮುಹೂರ್ತ. ನಮ್ಮವರಲ್ಲಿ ಮಗ್ಗವಿರುವ ಮನೆಯ ಹೆಣ್ಣಿಗೆ ಮುಹೂರ್ತದ ಸೀರೆಯನ್ನು ಅಂಗಡಿಯಲ್ಲಿ ತರುವುದಿಲ್ಲ. ಅಪ್ಪ ನೇಯಬೇಕು. ಚಿಕ್ಕಪ್ಪ ಮಗ್ಗದ ಜಮಖಾನೆ ತೆಗೆದು, ಧೂಳು ಕೊಡವಿ, ಮಾವಿನ ಚಿಗುರಿನ ಬಣ್ಣದ ಒಂದು ಲಡಿ ರೇಷ್ಮೆ ತಂದು ಕೈಯಲ್ಲಿ ಹಿಡಿದರು. ಹಿಡಿದದ್ದೇ ತಡ, ಎಳೆಗಳು ಅಂಗೈಗೆ ಹತ್ತಿಕೊಂಡವು. ಬಿಡಿಸಲು ಹೋದರೆ ಮತ್ತೊಂದು ಕಡೆ ಹತ್ತಿತು. ಪುಟ್ಟ ಮಗು ಕಿತ್ತಾಡಿದಂತೆ ಲಡಿಯೆಲ್ಲ ಕೆದರಿಹೋಯಿತು.

ಚಿಕ್ಕಪ್ಪ ರೇಷ್ಮೆಯನ್ನು ಕೆಳಗಿಟ್ಟು ಹೊರಗೆ ಹೋಗಿ ಕೂತರು. ಕಲಾ ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಕೋಪ ಬಂತು. ಮರುದಿನವೇ ಮುದಲಾಳಿಯ ಮುಂದೆ ಹೋಗಿ ನಿಂತೆ. ಕ್ರೋಮ್ ಬಿಡೋಣ, ಬೇರೆ ಒಂದು ಉಪ್ಪು ಇದೆ, ನಾನು ಮಾಡಿ ತೋರಿಸುತ್ತೇನೆ ಎಂದೆ.

ಆ ಉಪ್ಪಿನ ಹೆಸರು ಪೊಟ್ಯಾಸಿಯಂ ಪೆರಾಕ್ಸಿಮೋನೋಸಲ್ಫೇಟ್. ಹೆಸರು ರೈಲಿನಷ್ಟು ಉದ್ದ, ಸ್ವಭಾವ ಅಷ್ಟು ಗಡಸಲ್ಲ. ಬೆಳ್ಳಗೆ, ರವೆಯ ಹಾಗೆ ಬಿಡಿಬಿಡಿ, ವಾಸನೆ ಇಲ್ಲ. ಅದರ ಹರಳಿನೊಳಗೆ ಮೂರು ಉಪ್ಪು ಒಟ್ಟಿಗಿವೆ. ಕೆಲಸ ಮಾಡುವವನು ಒಬ್ಬನೇ. ಮಿಕ್ಕ ಇಬ್ಬರು ಅವನು ಡಬ್ಬಿಯಲ್ಲೇ ಕೆಟ್ಟುಹೋಗದಂತೆ ನೋಡಿಕೊಳ್ಳುವವರು. ನೀರಿಗೆ ಹಾಕಿದರೆ ಕರಗುತ್ತದೆ, ನೀರು ಹುಳಿಯಾಗುತ್ತದೆ. ಗಂಧಕ ಕಂಡರೆ ಸಾಕು, ಮೊದಲ ಆಮ್ಲಜನಕವನ್ನು ಕೇಳುವ ಮೊದಲೇ ಕೊಡುತ್ತದೆ. ಎರಡನೆಯದಕ್ಕೆ ಕೊಂಚ ಪುಸಲಾಯಿಸಬೇಕು. ತಣ್ಣಗಿಟ್ಟು ಅಳೆದು ಹಾಕಿದರೆ ಒಂದಕ್ಕೇ ನಿಲ್ಲಿಸಬಹುದು. ಸ್ವಲ್ಪ ಜಾಸ್ತಿ ಹಾಕಿ ಸಮಯ ಕೊಟ್ಟರೆ ಎರಡೂ ಕೂರುತ್ತವೆ. ತೀರಾ ಸಾಧುವೆಂದೂ ತಿಳಿಯಬೇಡಿ. ಒದ್ದೆ ಕೈಗೆ ತಾಗಿದರೆ ಉರಿಯುತ್ತದೆ. ಆದರೆ ಮಾಗದ ಹುಣ್ಣು ಮಾಡುವುದಿಲ್ಲ. ಕೆಲಸವಾದ ಮೇಲೆ ಉಳಿಯುವುದು ಸಲ್ಫೇಟ್, ಇನ್ನೊಂದು ಬಡಪಾಯಿ ಉಪ್ಪು.

ಮುದಲಾಳಿ ಎಲ್ಲವನ್ನೂ ಕೇಳಿದರು. ಮೂರು ಉಪ್ಪು ಎಂದಾಗ ಅವರ ಕಣ್ಣು ಅರಳಿತು. "ಮೂಣು ಉಪ್ಪಾ? ಅಪ್ಪೋ ಇದು ಮುಪ್ಪು ಅಮ್ಮಿಣಿ!" ಅಂದರು. ಅವರ ತಾತ ಸಿದ್ಧವೈದ್ಯ. ಮುಪ್ಪು ಎಂದರೆ ಸಿದ್ಧರು ಮುಚ್ಚಿಟ್ಟ ಮೂರುಪ್ಪಂತೆ, ಅದು ಸಿಕ್ಕವನಿಗೆ ಆಗದ ಕೆಲಸವೇ ಇಲ್ಲವಂತೆ. ಅಂದಿನಿಂದ ಕಾರ್ಖಾನೆಯಲ್ಲಿ ಆ ಉದ್ದದ ಹೆಸರು ಹೋಗಿ ಮುಪ್ಪು ಎಂದೇ ಆಯಿತು. ದೀಪಾವಳಿ ಆದ ಮೇಲೆ ಬರುವ ಕಾರ್ತಿಕೆ ದೀಪದ ಹಬ್ಬದವರೆಗೆ ನನಗೆ ಸಮಯ ಕೊಟ್ಟರು. ಅಷ್ಟರೊಳಗೆ ರಿಯಾಕ್ಟರಿನಲ್ಲಿ ಒಂದೇ ಒಂದು ಸಲ ಶುದ್ಧ ಮಾಲು ತೆಗೆದು ತೋರಿಸಬೇಕು. ಇಲ್ಲವಾದರೆ ವರ್ಷದ ದೊಡ್ಡ ಆರ್ಡರು ಕ್ರೋಮಿನಲ್ಲೇ. ಅಲ್ಲಿಯವರೆಗೆ ವಾರದಲ್ಲಿ ಅರ್ಧ ದಿನಗಳು ಕ್ರೋಮೂ ನಡೆಯುತ್ತಿರುತ್ತದೆ.

ಕಾರ್ಖಾನೆಯಲ್ಲಿ ಮುಪ್ಪು ಎಂದರೆ ಸಿದ್ಧರ ಗುಟ್ಟು. ಮನೆಯಲ್ಲಿ ಹಾಗಲ್ಲವಲ್ಲ! ನಾನೂ ಚಿಕ್ಕಪ್ಪನೂ ಉಣ್ಣುತ್ತಾ, "ಇವತ್ತು ಮುಪ್ಪು ಸರಿಯಾಗಿ ಬಂತಾ?" "ನಾಳೆ ಇನ್ನೂ ಸ್ವಲ್ಪ ಮುಪ್ಪು ಜಾಸ್ತಿ ಮಾಡಾನ" ಎಂದು ಮಾತಾಡಿಕೊಳ್ಳುವುದನ್ನು ಅವ್ವ ಎರಡು ದಿನ ಕೇಳಿದಳು. ಮೂರನೇ ದಿನ ಅನ್ನದ ಸೌಟು ಎತ್ತಿಯೇ ಬಿಟ್ಟಳು.

"ಮದ್ವೆ ಆಗ್ಬೇಕಾದ ಹುಡ್ಗಿ, ಉಣ್ಣೋ ಹೊತ್ನಲ್ಲಿ ಮುಪ್ಪು ಮುಪ್ಪು ಅಂತ ಬಡ್ಕಂತೀಯಲ್ಲೇ! ನಿಂಗ್ಯಾಕೆ ಈಗ್ಲೇ ಮುಪ್ಪು? ಬುಡ್ತು ಅನ್ನು!"

ಚಿಕ್ಕಪ್ಪನಿಗೆ ನಗು ತಡೆಯಲಾಗದೆ ಸಾರು ನೆತ್ತಿಗೇರಿತು. ಬಿಡಿಸಿ ಹೇಳಿದ ಮೇಲೂ ಅವ್ವ ಒಪ್ಪಲಿಲ್ಲ. ಹೆಸರು ಇಡಲು ಬೇರೆ ಮಾತು ಸಿಗಲಿಲ್ಲವೇ ಆ ಗಂಡಸಿಗೆ ಎಂದು ಮುದಲಾಳಿಯನ್ನೂ ಬೈದಳು.

ಲ್ಯಾಬಿನಲ್ಲಿ ಮುಪ್ಪು ಹೇಳಿದ ಹಾಗೆ ಕೇಳಿತು. ಮೆಥನಾಲೂ ನೀರೂ ಬೆರೆಸಿ, ಗಾಜಿನ ಬುರುಡೆಯಲ್ಲಿ ನಮ್ಮ ಪದಾರ್ಥ ಕರಗಿಸಿ, ಉಪ್ಪಿಟ್ಟಿಗೆ ರವೆ ಉದುರಿಸುವ ಹಾಗೆ ಕೈಯಾಡಿಸುತ್ತಾ ಸ್ವಲ್ಪಸ್ವಲ್ಪವೇ ಉಪ್ಪು ಸೇರಿಸಿದೆ. ಪರೀಕ್ಷೆಯ ಪ್ಲೇಟಿನ ಮೇಲೆ ಒಂದೇ ಒಂದು ಚುಕ್ಕಿ. ಒಂದು ಚುಕ್ಕಿ ಎಂದರೆ ಒಂದೇ ಪದಾರ್ಥ, ಅಂದರೆ ಶುದ್ಧ. ಎಷ್ಟು ಸಲ ಮಾಡಿದರೂ ಒಂದೇ ಚುಕ್ಕಿ. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅದೇ ಕೆಲಸವನ್ನು ದೊಡ್ಡ ರಿಯಾಕ್ಟರಿಗೆ ಇಳಿಸಿದರೆ ಎರಡು ಚುಕ್ಕಿ! ಕರೆಯದೇ ಬಂದ ಎರಡನೆಯ ನೆಂಟ. ಮಾಲು ತಿರುಪ್ಪೂರಿಗೆ ಹೋಯಿತು, ಅವರ ಬಣ್ಣ ಮಂಕಾಯಿತು, ಮಾಲು ವಾಪಸು ಬಂತು. ಬಿಸಿ ಹೆಚ್ಚಾಯಿತೇನೋ ಎಂದು ತಣ್ಣಗೆ ಮಾಡಿದೆ. ಕಡೆಯುವುದು ಸಾಲದೇನೋ ಎಂದು ಜೋರಾಗಿ ಕಡೆಸಿದೆ. ತೇವ ತಾಗಿ ಉಪ್ಪು ಕೆಟ್ಟಿತೇನೋ ಎಂದು ಹೊಸ ಮೂಟೆ ಒಡೆಸಿದೆ. ಪ್ರತಿ ಸಲವೂ ಆ ನೆಂಟ ಹಾಜರು. ರಿಯಾಕ್ಟರಿನ ಬಾಯಿಯ ಹತ್ತಿರ ಬ್ಲೀಚಿಂಗ್ ಪೌಡರಿನ ವಾಸನೆ ಬೇರೆ. ಮೋರಿಗೆ ಹಾಕಿದ್ದಿರಬೇಕು ಎಂದುಕೊಂಡು ಮೋರಿ ತೊಳೆಯುವವಳ ಮೇಲೆ ರೇಗಿದೆ. ಅವಳು, ನಾನು ಹಾಕಿ ವಾರವಾಯಿತು ಎಂದು ನನ್ನ ಮೇಲೆ ತಿರುಗಿ ರೇಗಿದಳು.

ದೀಪಾವಳಿ ಬಂದು ಹೋಯಿತು. ಐಪ್ಪಸಿ ತಿಂಗಳು ನಮ್ಮ ಸೀಮೆಗೆ ಮಳೆ ತರಬೇಕಾದ ತಿಂಗಳು; ಆ ವರ್ಷ ಮೋಡ ಬರುವುದು, ಇಣುಕುವುದು, ತಿರುಪ್ಪೂರಿನ ಕಡೆ ಹೋಗಿಬಿಡುವುದು. ಒಂದು ಸಂಜೆ ಬಸ್ಸಿನಿಂದ ಇಳಿದು ಮನೆಗೆ ನಡೆಯುವಾಗ ಚಿಕ್ಕಪ್ಪ ಮೆಲ್ಲಗೆ ಅಂದರು, "ಬುಡು ಅಮ್ಮಿ. ನಿನ್ ಕೈಲಾದದ್ದು ಮಾಡ್ದೆ. ಸೀರೆ ಕೊಯಮತ್ತೂರಲ್ಲೇ ತಕ್ಕಂಡ್ರಾಯ್ತು. ಯಾರು ನೋಡ್ತಾರೆ, ಯಾರ್ ನೇಯ್ದದ್ದು ಅಂತ?"

"ನೀವು ನೋಡ್ತೀರಲ್ಲ!" ಎಂದು ಕೂಗಿಬಿಟ್ಟೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ನನಗೆ ಚಿಕ್ಕಪ್ಪನ ಮೇಲೆ ಸಿಟ್ಟಲ್ಲ, ಆ ಸೋತ ದನಿಯ ಮೇಲೆ ಸಿಟ್ಟು.

ಅದೇ ಸಿಟ್ಟಿನಲ್ಲಿ ಮನೆಗೆ ನುಗ್ಗಿ, ಕೈಗೆ ಹತ್ತಿದ್ದ ಬ್ಲೀಚಿಂಗ್ ವಾಸನೆ ಹೋಗಲೆಂದು ಅಡಿಗೆಮನೆಯ ಕೊಡದಿಂದಲೇ ನೀರು ಬಗ್ಗಿಸಿ ಗಸಗಸ ತೊಳೆಯತೊಡಗಿದೆ. ಬೆನ್ನಿಗೆ ಅವ್ವನ ಏಟು ಬಿತ್ತು.

"ನಿನ್ ತಲೆ ಕೆಟ್ಟದಾ? ಒಳ್ಳೆ ನೀರ್ನಲ್ಲಿ ಕೈ ತೊಳೀತೀಯ! ಹಿತ್ಲಲ್ಲಿ ಉಪ್ಪು ನೀರಿಲ್ವಾ? ಕೆಲ್ಸಕ್ಕೆಲ್ಲ ಉಪ್ಪು ನೀರು ಅಂತ ಹುಟ್ದಾಗಿಂದ ಹೇಳ್ಕೊಟ್ಟಿಲ್ವಾ ನಿಂಗೆ?"

ಕೆಲಸಕ್ಕೆಲ್ಲ ಉಪ್ಪು ನೀರು. ಕೈ ತೊಳೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಕೆಲಸದ ವಿವರ ಬರೆದು ಕೊಡುವಾಗ ನಾನು ನೀರು ಎಂದು ಬರೆದಿದ್ದೆ. ಬರೀ ನೀರು. ಲ್ಯಾಬಿನಲ್ಲಿ ನಾನು ಬಳಸುವುದು ಬಟ್ಟಿ ಇಳಿಸಿದ ನೀರು. ಕೆಳಗೆ ರಿಯಾಕ್ಟರಿಗೆ? ನಮ್ಮೂರಿನಲ್ಲಿ ಯಾವ ಮನುಷ್ಯ ರಿಯಾಕ್ಟರಿಗೆ ಒಳ್ಳೆ ನೀರು ಸುರಿದಾನು? ಚಿಕ್ಕಪ್ಪನಿಗೂ ಕೇಳಬೇಕೆನಿಸಲಿಲ್ಲ, ನನಗೂ ಹೇಳಬೇಕೆನಿಸಲಿಲ್ಲ. ಬೇರೆ ಊರಿನ ಹುಡುಗಿಯಾಗಿದ್ದರೆ ಮೊದಲ ದಿನವೇ ಯಾವ ನೀರು ಎಂದು ಕೇಳುತ್ತಿದ್ದಳು. ನಾನು ಕೇಳಲಿಲ್ಲ, ಅದೇ ಮನೆಯಲ್ಲಿ ಅದೇ ಬೈಗುಳ ತಿಂದು ಬೆಳೆದವಳು. ಉಪ್ಪು ನೀರಿನಲ್ಲಿ ಇರುವುದೇನು? ಅಡಿಗೆ ಉಪ್ಪಿನಲ್ಲಿರುವ ಕ್ಲೋರೈಡೇ. ಮುಪ್ಪಿನ ಕೈಗೆ ಕ್ಲೋರೈಡ್ ಸಿಕ್ಕಿದರೆ ಅದನ್ನು ಹಿಡಿದು ಕ್ಲೋರಿನ್ ಮಾಡದೆ ಬಿಡುತ್ತದೆಯೇ! ಬ್ಲೀಚಿಂಗ್ ವಾಸನೆ ಮೋರಿಯದಲ್ಲ. ಕರೆಯದೇ ಬಂದ ನೆಂಟ ಯಾರೆಂದೂ ಗೊತ್ತಾಯಿತು: ಕ್ಲೋರಿನ್ ಅಂಟಿಸಿಕೊಂಡ ನಮ್ಮದೇ ಮಾಲು.

ಒದ್ದೆ ಕೈಯಲ್ಲೇ ಅವ್ವನನ್ನು ತಬ್ಬಿಕೊಂಡು ಮುತ್ತಿಟ್ಟೆ. "ಏಟು ತಿಂದು ಮುತ್ತು ಕೊಡ್ತಾಳಲ್ಲ, ಏನ್ ಬಂತೋ ಇವ್ಳಿಗೆ" ಎಂದು ಅವ್ವ ಗಾಬರಿಯಾದಳು.

ಬೆಳಿಗ್ಗೆ ಲ್ಯಾಬಿಗೆ ಓಡಿ, ಬೋರಿನ ನೀರಿಗೆ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟೆ. ಕ್ಲೋರೈಡ್ ಇದ್ದರೆ ಅದು ಬೆಳ್ಳಗೆ ಒಡೆಯಬೇಕು. ಒಡೆದದ್ದೇನು, ಕೊಳವೆಯಲ್ಲಿ ಮಜ್ಜಿಗೆಯೇ ತಯಾರಾಯಿತು! ಆಮೇಲೆ ಬುರುಡೆಯಲ್ಲಿ ಬೇಕೆಂದೇ ಬೋರಿನ ನೀರು ಹಾಕಿ ಕೆಲಸ ನಡೆಸಿದೆ. ಎರಡು ಚುಕ್ಕಿ. ಚಿಕ್ಕಪ್ಪನನ್ನು ಮೇಲೆ ಕರೆದು ತೋರಿಸಿದೆ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟು ದಿನ ನಮ್ ನೀರೇ ನಮ್ಗೆ ಮೋಸ ಮಾಡ್ತಾ?" ಅಂದರು. ಆ ದನಿಯಲ್ಲಿ ಸೋಲಿರಲಿಲ್ಲ.

ಮುದಲಾಳಿಯ ಹತ್ತಿರ ಹೋಗಿ, ರಿಯಾಕ್ಟರಿಗೆ ಒಳ್ಳೆ ನೀರು ಬೇಕು ಎಂದೆ. ಅವರ ಮುಖ ಕೆಂಪಾಯಿತು. ಊರಲ್ಲಿ ಹೆಂಗಸರು ಕೊಡ ಹಿಡಿದು ನಿಂತಿದ್ದಾರೆ, ನಲ್ಲ ತಣ್ಣಿಯನ್ನು ತಂದು ಪಾತ್ರೆಗೆ ಸುರಿಯಲೇ ಎಂದರು. ಕ್ಯಾನಿನ ನೀರು ತರಿಸೋಣ ಎಂದೆ. ಅದೂ ಕುಡಿಯುವುದೇ ಅಲ್ಲವೇ ಅಮ್ಮಿಣಿ ಎಂದರು. ಹಾಗಾದರೆ ಬೋರಿನ ನೀರಿನ ಉಪ್ಪು ತೆಗೆಯುವ ಯಂತ್ರ ಹಾಕಿಸಿ ಎಂದೆ. ಮೊದಲು ಒಂದು ಸಲ ಶುದ್ಧ ಮಾಲು ತೋರಿಸು, ಮರುದಿನವೇ ಯಂತ್ರಕ್ಕೆ ಹೇಳುತ್ತೇನೆ, ಆಡಿದ ಮಾತು ಆಡಿದ್ದೇ ಎಂದರು. ಸಿಟ್ಟು ಬಂದರೂ ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ರಿಯಾಕ್ಟರಿಗೆ ಒಳ್ಳೆ ನೀರು ಕೇಳುವ ಮಾತು ನನ್ನ ಬಾಯಿಗೂ ಸುಲಭವಾಗಿ ಬಂದಿರಲಿಲ್ಲ. ಲಾರಿಯಲ್ಲಿ ಬರುವ ನೀರೂ ಯಾರದೋ ಬೋರಿನದೇ. ಯಾರ ಬಾಯಿಂದಲೂ ಕಸಿಯದ ಒಳ್ಳೆ ನೀರು ಎಂದರೆ ಒಂದೇ. ನಾನೂ ಚಿಕ್ಕಪ್ಪನೂ ಒಟ್ಟಿಗೇ ಆಕಾಶ ನೋಡಿದೆವು.

ಆಮೇಲೆ ಕಾದೆವು ನೋಡಿ! ಹಾಗೆ ಮಳೆಗೆ ಕಾದದ್ದು ನಾನು ಜನ್ಮದಲ್ಲಿ ಬೇರೆಂದೂ ಇಲ್ಲ. ಗೋದಾಮಿನ ತಗಡಿನ ಮಾಡಿಗೆ ಚಿಕ್ಕಪ್ಪ ಉದ್ದಕ್ಕೂ ಮಳೆನೀರು ಇಳಿಯುವ ದೋಣಿ ಕಟ್ಟಿದರು, ಅದರ ಬಾಯಿಗೆ ಹೊಸ ಡ್ರಮ್ಮುಗಳನ್ನು ಸಾಲಾಗಿ ಇಟ್ಟರು. ನಮ್ಮ ಕಡೆ ನವಿಲುಗಳ ಕಾಟ. ಮಾಡಿನ ಮೇಲೆ ಕೂತು ಕೂಗುವುದು, ಗಲೀಜು ಮಾಡುವುದು. ಊರವರು ನವಿಲು ಕೂಗಿದರೆ ಮಳೆ ಎಂದು ಸಂತೋಷಪಡುತ್ತಿದ್ದರೆ, ನಾನು ಕಲ್ಲು ಹಿಡಿದು ನಿಂತಿರುತ್ತಿದ್ದೆ. ಕಾರ್ತಿಕೆ ದೀಪ ಇನ್ನೇನು ಬಂತು ಎನ್ನುವಾಗಲೂ ಒಂದು ಹನಿ ಇಲ್ಲ. ಮಣ್ಣಿನ ಹಣತೆಗಳು ಆಗಲೇ ಸಂತೆಗೆ ಬಂದಿದ್ದವು.

ಹಬ್ಬಕ್ಕೆ ಕೆಲವೇ ದಿನ ಉಳಿದಿದ್ದ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಮೂಡಣ ದಿಕ್ಕು ಕಪ್ಪಾಯಿತು. ಗಾಳಿ ಎದ್ದಿತು. ತಗಡಿನ ಮೇಲೆ ಒಂದು ಹನಿ ಟಪ್ ಎಂದಿತು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಕೈಯಲ್ಲಿದ್ದ ತುತ್ತು ಬಿಟ್ಟು ಎಲ್ಲರೂ ಎದ್ದು ಓಡಿದರು.

"ಡ್ರಮ್ಮಿಗೆ ಈಗ್ಲೇ ಬುಡ್ಬೇಡಿ! ಮೊದ್ಲು ನವಿಲಿಂದೆಲ್ಲ ತೊಳ್ದೋಗ್ಲಿ!" ಚಿಕ್ಕಪ್ಪ ಕನ್ನಡದಲ್ಲೇ ಕೂಗುತ್ತಿದ್ದರು. ತಮಿಳಿನವರಿಗೆ ಹೇಗೆ ಅರ್ಥವಾಯಿತೋ, ಎಲ್ಲರೂ ಹಾಗೇ ಮಾಡಿದರು. ಇನ್ನೊಂದು ಕಡೆ ಮುಪ್ಪಿನ ಮೂಟೆಗಳಿಗೆ ತೇವ ತಾಗಬಾರದೆಂದು ನಾನು ಟಾರ್ಪಾಲಿನ ಮೇಲೆ ಬಿದ್ದು ಅದುಮಿ ಹಿಡಿದಿದ್ದೆ. ಒಂದೇ ಅಂಗಳದಲ್ಲಿ ಇಲ್ಲಿ ಮಳೆ ಬೇಡ, ಅಲ್ಲಿ ಬೇಕು! ಮುದಲಾಳಿ ಆಫೀಸಿನಿಂದ ಬಂದವರು ಕ್ಷಣ ನಿಂತು ನೋಡಿದರು. ಬಿಳೀ ವೇಷ್ಟಿಯನ್ನು ಎತ್ತಿ ಕಟ್ಟಿ, ತಾವೂ ಒಂದು ಡ್ರಮ್ಮಿಗೆ ಕೈ ಕೊಟ್ಟರು. ಮೋರಿ ತೊಳೆಯುವವಳು, ನನ್ನ ಮೇಲೆ ರೇಗಿದ್ದವಳು, ತನ್ನ ಪಾತ್ರೆಗಳನ್ನೆಲ್ಲ ತಂದು ದೋಣಿಯ ಕೆಳಗೆ ಒಡ್ಡಿ ಗಹಗಹಿಸಿ ನಗುತ್ತಿದ್ದಳು. ಅವಳ ಪಾತ್ರೆ ಬೇಡ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ನೀರಲ್ಲಿ ಎಲ್ಲರೂ ಕಾಲು ತೊಳೆದುಕೊಂಡೆವು.

ಮೈಯೆಲ್ಲ ತೊಯ್ದು ತೊಪ್ಪೆಯಾದವಳು ಡ್ರಮ್ಮಿನಿಂದ ಒಂದು ಕೊಳವೆ ನೀರು ತೆಗೆದು ಸಿಲ್ವರ್ ನೈಟ್ರೇಟ್ ಬಿಟ್ಟೆ. ಎಲ್ಲರೂ ಸುತ್ತ ನಿಂತಿದ್ದರು. ಏನೂ ಆಗಲಿಲ್ಲ. ಮಜ್ಜಿಗೆಯಿಲ್ಲ, ಮಂಜಿಲ್ಲ. ಕೊಳವೆಯ ಆಚೆ ಚಿಕ್ಕಪ್ಪನ ಮುಖ ಸ್ವಚ್ಛವಾಗಿ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಆ ನೀರು ರಿಯಾಕ್ಟರಿಗೆ ಹೋಯಿತು. ಚಿಕ್ಕಪ್ಪ ಕೈಗವಸು ಹಾಕಿಕೊಂಡು, ನನ್ನ ಕೈಸನ್ನೆ ನೋಡಿ, ಒಂದೊಂದೇ ಸೌಟು ಮುಪ್ಪು ಉದುರಿಸಿದರು. ಬಿಸಿ ಏರಿದರೆ ನಿಲ್ಲಿಸುವುದು, ಇಳಿದರೆ ಮತ್ತೆ. ನಾನು ಬಾಯಿಯ ಹತ್ತಿರ ಹೋಗಿ ಗಾಳಿಯನ್ನು ಕೈಯಿಂದ ಬೀಸಿ ಮೂಸಿದೆ. ಮೆಥನಾಲಿನ ಘಾಟು ಬಿಟ್ಟರೆ ಬೇರೇನಿಲ್ಲ, ಬ್ಲೀಚಿಂಗಿನ ಸುಳಿವೇ ಇಲ್ಲ. ಹೊತ್ತು ಏರಿದ ಮೇಲೆ ಅಯೊಡೈಡ್ ಕಾಗದ ಅದ್ದಿದೆ. ಇನ್ನೂ ಮುಪ್ಪು ಉಳಿದಿದೆ ಎಂದು ನೀಲಿಯಾಯಿತು. ಸಲ್ಫೈಟ್ ಹಾಕಿ ಅದನ್ನು ಸುಮ್ಮನಾಗಿಸಿದೆ. ಕಾಗದ ಬೆಳ್ಳಗೆ ಉಳಿಯಿತು. ತಣಿಸಿ ಸೋಸಿದಾಗ ಬಿದ್ದ ಮಾಲು ಮಲ್ಲಿಗೆ ಇಡ್ಲಿಯಷ್ಟು ಬಿಳುಪು. ಪ್ಲೇಟಿನ ಮೇಲೆ ಚುಕ್ಕಿ ಇಟ್ಟು, ದೀಪದ ಕೆಳಗೆ ಹಿಡಿದೆ.

ಒಂದೇ ಚುಕ್ಕಿ!

ನಾನು ಮೆಟ್ಟಿಲಿಳಿಯುತ್ತಾ ಏನು ಕೂಗಿದೆನೋ ನನಗೆ ನೆನಪಿಲ್ಲ. ಒಂದೇ, ಒಂದೇ ಎಂದು ಕನ್ನಡದಲ್ಲಿ ಕೂಗಿದೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಎರಡು ದಿನಕ್ಕೆ ತಿರುಪ್ಪೂರಿನಿಂದ ಫೋನು ಬಂತು, ಬಣ್ಣ ಹೊಳೆಯುತ್ತಿದೆ, ಇಂಥದ್ದೇ ಬೇಕು ಎಂದು. ಮುದಲಾಳಿ ಫೋನು ಇಟ್ಟು ಹೊರಗೆ ಬಂದು, ಇಡೀ ಕಾರ್ಖಾನೆಗೆ ಕೇಳುವಂತೆ, "ಜೆಯಿಚ್ಚಿಟ್ಟೆ ಅಮ್ಮಿಣಿ!" ಎಂದರು. ಗೆದ್ದುಬಿಟ್ಟೆ ಎಂದು. ಆಡಿದ ಮಾತಿನಂತೆ ಮರುದಿನವೇ ಯಂತ್ರಕ್ಕೆ ಹೇಳಿದರು. ಕಾರ್ತಿಕೆ ದೀಪದ ದಿನ ಕ್ರೋಮಿನ ಡ್ರಮ್ಮುಗಳೆಲ್ಲ ಲಾರಿ ಹತ್ತಿ, ಮಾರಿದವರ ಹತ್ತಿರವೇ ವಾಪಸು ಹೋದವು. ನಮ್ಮವರು ದೀಪಾವಳಿಯಲ್ಲಿ ಉಳಿದ ಪಟಾಕಿ ತಂದಿದ್ದರು. ಮೆಥನಾಲ್ ಇರುವ ಜಾಗ, ಗೇಟಿನ ಆಚೆ, ರಸ್ತೆ ದಾಟಿ ಹೋಗಿ ಹಚ್ಚಿ ಎಂದು ಮುದಲಾಳಿ ಅಬ್ಬರಿಸಿದರು. ಅರ್ಧ ಪಟಾಕಿ ನಮ್ಮ ಮಳೆಯಲ್ಲೇ ನೆಂದು ಠುಸ್ ಎಂದವು. ಆದರೂ ಆ ಸಂಜೆಯಂಥ ಹಬ್ಬ ನಾನು ಮತ್ತೆ ಕಂಡಿಲ್ಲ.

ಹುಣ್ಣು ಮಾಗಲು ಹೊತ್ತು ಹಿಡಿಯಿತು. ಅವ್ವ ದಿನಾ ರಾತ್ರಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕೊಡುವಳು. ಪೊಂಗಲಿನ ಹೊತ್ತಿಗೆ ಗುಳಿಗಳು ತುಂಬಿದವು. ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಚಿಕ್ಕಪ್ಪ ನನ್ನನ್ನು ಮಗ್ಗದ ಹತ್ತಿರ ಕರೆದರು. ಕಲಾಳೂ ಬಂದು ನಿಂತಳು. ಅದೇ ಮಾವಿನ ಚಿಗುರಿನ ಬಣ್ಣದ ಹೊಸ ಲಡಿ. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು, ಎರಡೂ ಅಂಗೈಗಳ ನಡುವೆ ಅದನ್ನು ಇಟ್ಟು, ಮೆಲ್ಲಗೆ ಎಳೆದರು. ಲಡಿ ಈ ತುದಿಯಿಂದ ಆ ತುದಿಯವರೆಗೆ ಜಾರಿ ಹೊರಗೆ ಬಂತು. ಒಂದು ಎಳೆಯೂ ಹತ್ತಲಿಲ್ಲ.

ಅವರು ಅತ್ತರು. ಈ ಸಲ ನಾನೂ ಅತ್ತೆ. ವೈಕಾಸಿಯಲ್ಲಿ ಕಲಾ ಅಪ್ಪ ನೇಯ್ದ ಸೀರೆಯುಟ್ಟು ಮಣೆಯ ಮೇಲೆ ಕೂತಾಗ, ಊಟದ ಪಂಕ್ತಿಯ ಮುಂದಿದ್ದ ಮುದಲಾಳಿ ಎಲ್ಲರಿಗೂ ತಾವೇ ನೇಯ್ದಂತೆ ಹೇಳಿಕೊಂಡು ಓಡಾಡುತ್ತಿದ್ದರು.

ಹೋದ ತಿಂಗಳು ಸಿಂಗಾನಲ್ಲೂರಿನಲ್ಲಿ, ಆ ಬೆಳಿಗ್ಗೆ, ನಾನು ಒಳ್ಳೆ ನೀರಿನಲ್ಲಿ ಬಾಯಿ ತೊಳೆದು ಒಳಗೆ ಬರುವಷ್ಟರಲ್ಲಿ ಕಲಾ ಬೀರುವಿನಿಂದ ಆ ಸೀರೆಯನ್ನೇ ತೆಗೆದು ಮಂಚದ ಮೇಲೆ ಹರಡಿದ್ದಳು. ಮಡಿಕೆ ಬದಲಿಸಿ ಇಡಬೇಕಂತೆ. ಚಿಕ್ಕಪ್ಪನಿಗೆ ಈಗ ತಲೆಯೆಲ್ಲ ಬಿಳುಪು, ನಡಿಗೆ ನಿಧಾನ. ಅಂಗೈಯಲ್ಲಿ ಅಲ್ಲಲ್ಲಿ ದುಂಡನೆಯ ಬಿಳೀ ಕಲೆ. ಅವರು ಸೀರೆಯ ಮೇಲೆ ಸರ್ರನೆ ಕೈ ಆಡಿಸಿ, "ನೀನೂ ಮುಟ್ಟಿ ನೋಡು" ಅಂದರು.

ಮುಟ್ಟಿದೆ. ಇಷ್ಟು ವರ್ಷ ಲ್ಯಾಬಿನ ಗಾಜು ತೊಳೆದ, ಮನೆಯ ಪಾತ್ರೆ ತಿಕ್ಕಿದ ನನ್ನ ಕೈ ಅದು. ಸೆರಗಿನ ಹತ್ತಿರ ಒಂದು ಎಳೆ ಬೆರಳಿಗೆ ಹತ್ತಿಕೊಂಡಿತು. "ಅಯ್ಯಯ್ಯೋ ಅಕ್ಕಾ!" ಎಂದು ಕಲಾ ಓಡಿ ಬಂದಳು. ಚಿಕ್ಕಪ್ಪ ಅವಳನ್ನು ತಡೆದು, ನನ್ನ ಬೆರಳನ್ನು ತಮ್ಮ ನುಣುಪಾದ ಕೈಯಲ್ಲಿ ಹಿಡಿದು, ಎಳೆಯನ್ನು ತಾವೇ ಬಿಡಿಸಿದರು. ಬಿಡಿಸಿ, ಮನೆಯೆಲ್ಲ ಕೇಳುವಂತೆ ನಕ್ಕರು.

"ನೋಡ್ದ್ಯಾ ಅಮ್ಮಿ? ಮುಪ್ಪು ಬಂದಿರೋದು ನಿಂಗೆ, ನಂಗಲ್ಲ!"